ಕ್ಯಾಲೆಂಡರ್ ಹಿಂದಿನ ಪ್ಲಗ್ಗು

ಅದು 1999ನೇ ಇಸವಿ. ಹರಪನಹಳ್ಳಿಯ ಒಂದು ಖಾಸಗಿ ಶಾಲೆಯಲ್ಲಿ ಆರು ವರ್ಷ ಎರಡನೇ ಕ್ಲಾಸಿಗೆ ಪಾಠ ಹೇಳಿ ಬೇಸತ್ತು, ಕೆಲಸ ಬಿಟ್ಟು, ಸರ್ಕಾರಿ ಕಚೇರಿಗಳ ಎದುರಿಗಿದ್ದ ಮಳಿಗೆಯಲ್ಲಿ ಜೆರಾಕ್ಸ್ ಅಂಗಡಿ ಇಡಲು ಹೊರಟಿದ್ದೆ. ಎರಡು ಮಂಚ ಹಾಕಿದರೆ ತುಂಬಿಹೋಗುವಷ್ಟು ಸಣ್ಣ ಮಳಿಗೆ. ಮನೆಯಲ್ಲಿ ಯಾರಿಗೂ ಇದು ಇಷ್ಟವಿರಲಿಲ್ಲ. "ಹೆಣ್ಮಗಳು ರೋಡಿಗೆ ಮುಖ ಮಾಡ್ಕಂಡು ಕುಂತು ಮಿಷನ್ ನಡಸ್ತಾಳಂತ" ಎಂದು ನಮ್ಮ ಅತ್ತೆ ಓಣಿಗೆಲ್ಲ ಹೇಳಿ ಬಂದಿದ್ದರು. ಹಾಗಾಗಿ ಅಂಗಡಿ ನಡೆಯಲೇಬೇಕಿತ್ತು. ಚೆಂದ ಕಾಣಲೂಬೇಕಿತ್ತು.

ವೈರಿಂಗ್ ಮಾಡಲು ಬಂದವರು ಖಾಸಿಂ ಸಾಬರು. ಅವರ ಮಗಳು ನನ್ನ ಕ್ಲಾಸಿನಲ್ಲೇ ಓದಿದ್ದಳು. ನಾನು ಕೌಂಟರ್ ಪಕ್ಕದ ಗೋಡೆ ತೋರಿಸಿ, ಇಲ್ಲಿ ನಾಲ್ಕು ಪ್ಲಗ್ ಹಾಕಿ ಎಂದರೆ ಅವರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತೇಬಿಟ್ಟರು.

"ಎಷ್ಟು ಪ್ಲಗ್ ಅನ್ನೋದು ಆಮ್ಯಾಲೆ ಟೀಚರಮ್ಮ. ಮುಂಜಾನಿ ಬಾಗ್ಲ ತಗದ ಕೂಡ್ಲೆ ಮೊದ್ಲು ಏನು ಹಚ್ತೀರಿ? ಅದು ನಡಿಯಾವಾಗ ಅದರ ಜತಿಗೆ ಇನ್ನೇನ್ ನಡೀತೈತಿ? ಅದನ್ನ ಹೇಳ್ರಿ."

"ಮೊದ್ಲು ಊದಿನಕಡ್ಡಿ ಹಚ್ತೀನ್ರಿ" ಎಂದು ನಕ್ಕೆ.

ಅವರು ನಗಲಿಲ್ಲ. ಜೆರಾಕ್ಸ್ ಮಿಷನ್ ಬಿಸಿಯಾಗುವಾಗ ಬಹಳ ಕರೆಂಟು ಎಳೆಯುತ್ತದೆ, ಲ್ಯಾಮಿನೇಷನ್ನೂ ಬಿಸಿಯ ಕೆಲಸವೇ, ಇವನ್ನೆಲ್ಲ ಟೇಬಲ್ ಫ್ಯಾನು, ರೇಡಿಯೋ ಹಾಕುವ ಐದು ಆಂಪ್ಸ್ ಪ್ಲಗ್ಗಿಗೆ ಹಾಕಬಾರದು, ಹದಿನೈದು ಆಂಪ್ಸಿನದೇ ಬೇಕು, ಅದಕ್ಕೆ ದಪ್ಪ ವೈರು, ಬೇರೆ ಫ್ಯೂಸು ಇರಬೇಕು ಎಂದು ಮಗ್ಗಿ ಹೇಳಿಕೊಟ್ಟಂತೆ ಹೇಳಿದರು. ಆರು ವರ್ಷ ಪಾಠ ಹೇಳಿದವಳಿಗೆ ಪಾಠ ಕೇಳಿಸಿಕೊಳ್ಳುವುದು ಕಷ್ಟ. ನನ್ನ ಗಮನವೆಲ್ಲ ಅಂಗಡಿ ಹೆಸರಿನ ಬೋರ್ಡಿನ ಬಣ್ಣದ ಮೇಲಿತ್ತು.

ಸಂಜೆ ಬಂದು ನೋಡಿದರೆ ಕೌಂಟರ್ ಪಕ್ಕ ನಾನು ಕೇಳಿದ ಸಣ್ಣ ಬಿಳಿ ಪ್ಲಗ್ಗುಗಳಿದ್ದವು. ಆದರೆ ಹಿಂದಿನ ಗೋಡೆಯ ನಟ್ಟನಡುವೆ ದೊಡ್ಡ ಸ್ವಿಚ್ಚಿನ, ಅಗಲ ತೂತುಗಳ ಒಂದು ಪವರ್ ಪ್ಲಗ್ಗೂ ಕೂತಿತ್ತು.

"ಇದೇನ್ರಿ, ಹಿಟ್ಟಿನ ಗಿರಣಿ ಇಡ್ತೀನೇನು ನಾನು? ಬಿಚ್ರಿ ಅದನ್ನ."

"ಬಿಚ್ಚಂಗಿಲ್ರಿ. ನೋಡಾಕ ಬ್ಯಾಸರಾದ್ರೆ ಮುಚ್ಚಿಡ್ರಿ" ಎಂದು ಸಾಮಾನಿನ ಚೀಲ ಹೆಗಲಿಗೇರಿಸಿ ಹೋದರು. ನಾನು ಸಿಟ್ಟಿನಿಂದ ಅದರ ಮೇಲೊಂದು ಲಕ್ಷ್ಮಿಯ ಕ್ಯಾಲೆಂಡರ್ ತೂಗುಹಾಕಿದೆ.

ಮಿಷನ್ ಬಂತು. ಅದರ ದಪ್ಪ ಪಿನ್ನು ಸಣ್ಣ ಪ್ಲಗ್ಗಿನೊಳಗೆ ಹೋಗಲಿಲ್ಲ. ಮಿಷನ್ನನ್ನು ಹಿಂದಿನ ಗೋಡೆಗೆ ಒಯ್ದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ರಸ್ತೆಯಲ್ಲಿ ಹೋಗುವವರಿಗೆ ಅದು ಕಾಣಬೇಕಲ್ಲ! ಅದಕ್ಕಿಂತ ಹೆಚ್ಚಾಗಿ, ಖಾಸಿಂ ಸಾಬರು ಹೇಳಿದ್ದೇ ಸರಿ ಎಂದು ಒಪ್ಪಿದಂತಾಗುತ್ತಿತ್ತು. ನಾನು ಪಿನ್ನು ಕತ್ತರಿಸಿ, ವೈರಿನ ತುದಿ ಸುಲಿದು, ಸಣ್ಣ ಪ್ಲಗ್ಗಿನ ತೂತಿನೊಳಗೆ ತೂರಿಸಿ, ಜಾರದಂತೆ ಬೆಂಕಿಕಡ್ಡಿ ಸಿಕ್ಕಿಸಿದೆ. ಮನೆಯಲ್ಲಿ ಇಸ್ತ್ರಿ ಪೆಟ್ಟಿಗೆಗೂ ನಾವು ಹಾಗೇ ಮಾಡುತ್ತಿದ್ದೆವು. ಎರಡು ಸಲ ಫ್ಯೂಸ್ ಹೋಯಿತು. ಮೂರನೆಯ ಸಲ ನಾನೇ ದಪ್ಪ ತಂತಿ ಸುತ್ತಿದೆ. ಆಮೇಲೆ ಹೋಗಲಿಲ್ಲ. ನನ್ನ ಜಾಣತನಕ್ಕೆ ನಾನೇ ಬೀಗಿದೆ.

ಎರಡು ತಿಂಗಳಾಗಿತ್ತು. ಅಂಗನವಾಡಿ ಕೆಲಸಕ್ಕೆ ಅರ್ಜಿ ಕೊಡಲು ಅವತ್ತೇ ಕಡೇ ದಿನ. ಬೆಳಗಿನಿಂದ ಮಿಷನ್ನಿಗೆ ಪುರಸೊತ್ತಿಲ್ಲ, ಪಕ್ಕದಲ್ಲೇ ಲ್ಯಾಮಿನೇಷನ್ನೂ ನಡೆದಿತ್ತು. ಸಂಜೆ ನಾಲ್ಕೂವರೆ ಹೊತ್ತಿಗೆ ನಮ್ಮ ತಾಲ್ಲೂಕಿನದೇ ಅರಸೀಕೆರೆಯಿಂದ ಬಂದ ಹಾಲಮ್ಮ ಎಂಬ ಹುಡುಗಿಯ ಮಾರ್ಕ್ಸ್ ಕಾರ್ಡು ಮಿಷನ್ ಒಳಗಿತ್ತು. "ಲಗೂನ ಮಾಡ್ರಿ ಅಕ್ಕಾರ, ಐದೂವರಿಗೆ ಬಾಗ್ಲ ಹಾಕ್ತಾರಂತ" ಎಂದು ಆಕೆ ಎರಡು ಸಲ ಹೇಳಿದ್ದಳು.

ಆಗ ಸುಟ್ಟ ಕಮಟು ವಾಸನೆ ಬಂತು. ನೋಡುತ್ತಿದ್ದಂತೆ ಬಿಳಿ ಪ್ಲಗ್ಗು ಕಂದಾಯಿತು, ಕಪ್ಪಾಯಿತು, ಹೊಗೆ ಎದ್ದಿತು. ವೈರಿನ ಉದ್ದಕ್ಕೂ ಪ್ಲಾಸ್ಟಿಕ್ ಕರಗಿ ತೊಟ್ಟಿಕ್ಕುತ್ತಿತ್ತು. "ನನ್ನ ಕಾರ್ಡು!" ಎಂದು ಹಾಲಮ್ಮ ಕಿರುಚಿದಳು. ನಾನು ಹಿಂದೆಮುಂದೆ ನೋಡದೆ ವೈರು ಕಿತ್ತೆಳೆಯಲು ಕೈ ಚಾಚಿದೆ.

"ಮುಟ್ಟಬ್ಯಾಡ್ರಿ! ಕೈ ತಗೀರಿ!"

ಆ ದನಿಗೆ ನನ್ನ ಕೈ ಅಲ್ಲೇ ನಿಂತಿತು. ಸಾಲಿನ ಕೊನೆಯಲ್ಲಿ ರೇಷನ್ ಕಾರ್ಡ್ ಹಿಡಿದು ನಿಂತಿದ್ದ ಖಾಸಿಂ ಸಾಬರು ಜನರನ್ನು ಸರಿಸಿ, ಕೌಂಟರ್ ದಾಟಿ ಬಂದು ಮೇನ್ ಸ್ವಿಚ್ ಎಳೆದರು. ಹೊಗೆ ಇಳಿದ ಮೇಲೆ ನೋಡಿದರೆ, ನಾನು ಹಿಡಿಯಲಿದ್ದ ಜಾಗದಲ್ಲೇ ತಾಮ್ರ ಬರಿದಾಗಿ ಹೊಳೆಯುತ್ತಿತ್ತು. ಒಂದು ಗೇಣು ಅಂತರ, ಅಷ್ಟೇ.

ನಾನು ಅಷ್ಟು ಜನರ ಎದುರಿಗೇ ಅತ್ತುಬಿಟ್ಟೆ. ಇನ್ನು ಈ ಅಂಗಡಿ ಮುಗಿಯಿತು, ಅತ್ತೆಗೆ ಓಣಿಯಲ್ಲಿ ಆಡಿಕೊಳ್ಳಲು ಇನ್ನೊಂದು ಸಿಕ್ಕಿತು ಎನ್ನಿಸಿತು. ಖಾಸಿಂ ಸಾಬರು ಸುಟ್ಟ ಬೆಂಕಿಕಡ್ಡಿಗಳನ್ನು ನೋಡಿದರು, ಫ್ಯೂಸ್ ತೆಗೆದು ನನ್ನ ದಪ್ಪ ತಂತಿಯನ್ನೂ ನೋಡಿದರು. ಈಗ ಬೈಯುತ್ತಾರೆ ಎಂದುಕೊಂಡೆ. ಅವರು ಹಿಂದಿನ ಗೋಡೆ ಕಡೆ ತಿರುಗಿ ಮೆಲ್ಲಗೆ ಕೇಳಿದರು: "ಆ ಕ್ಯಾಲೆಂಡರ್ ತಗೀಲೇನ್ರಿ ಟೀಚರಮ್ಮ?"

ಮುಂದಿನದೆಲ್ಲ ಇಪ್ಪತ್ತು ನಿಮಿಷದ ಕೆಲಸ. ಸಾಲಿನಲ್ಲಿದ್ದವರೇ ಮಿಷನ್ ಎತ್ತಿ ಹಿಂದಕ್ಕೆ ಒಯ್ದರು. ಖಾಸಿಂ ಸಾಬರು ಸುಟ್ಟ ವೈರು ತೆಗೆದು, ಪಕ್ಕದ ಅಂಗಡಿಯಿಂದ ಹೊಸ ವೈರು, ದಪ್ಪ ಪಿನ್ನು ತಂದು ಜೋಡಿಸಿದರು. "ಇದೊಂದನ್ನೇ ಹಚ್ರಿ. ಲ್ಯಾಮಿನೇಷನ್‌ಗೆ ನಾಳಿ ಇನ್ನೊಂದು ಪಾಯಿಂಟ್ ಹಾಕ್ತೀನಿ" ಎಂದು ಮೇನ್ ಹಾಕಿ ಪವರ್ ಸ್ವಿಚ್ ಒತ್ತಿದರು. ಮಿಷನ್ನಿನ ಹಸಿರು ದೀಪ ಬಂದಾಗ ಸಾಲಿನಲ್ಲಿದ್ದವರೆಲ್ಲ ಹೋ ಎಂದರು. ಹಾಲಮ್ಮನ ಮಾರ್ಕ್ಸ್ ಕಾರ್ಡಿಗೆ ಏನೂ ಆಗಿರಲಿಲ್ಲ. ಕಾಪಿಗಳನ್ನು ಎದೆಗವಚಿಕೊಂಡು ರಸ್ತೆ ದಾಟಿ ಓಡಿದ ಆಕೆ, ಸ್ವಲ್ಪ ಹೊತ್ತಿಗೆ ಕಚೇರಿಯ ಮೆಟ್ಟಿಲ ಮೇಲೆ ನಿಂತು ಅರ್ಜಿ ಕೊಟ್ಟೆನೆಂದು ನಮ್ಮತ್ತ ಕೈ ಬೀಸಿದಳು. ಖಾಸಿಂ ಸಾಬರು ಮತ್ತೆ ಸಾಲಿನ ಕೊನೆಗೇ ಹೋಗಿ ನಿಂತು ತಮ್ಮ ರೇಷನ್ ಕಾರ್ಡಿನ ಕಾಪಿ ತೆಗೆಸಿಕೊಂಡರು.

ಅಂಗಡಿ ಇವತ್ತಿಗೂ ನಡೆಯುತ್ತಿದೆ. ಮಿಷನ್ನಿನಿಂದ ಕಾಗದ ತೆಗೆಯುವಾಗ ಒಮ್ಮೊಮ್ಮೆ ನನ್ನ ಬಲಗೈಯನ್ನೇ ನೋಡಿಕೊಳ್ಳುತ್ತೇನೆ. ಈ ಕೈ ಅವರು ಉಳಿಸಿಕೊಟ್ಟದ್ದು. ಅವರನ್ನು ನೆನೆಯದೆ ನನ್ನ ದಿನ ಶುರುವಾಗುವುದಿಲ್ಲ.

ಅವರು ಮಾತ್ರ ನನ್ನನ್ನು ಕಾಡಿಸುವುದನ್ನು ಇನ್ನೂ ಬಿಟ್ಟಿಲ್ಲ. ಹೊಸ ವರ್ಷ ಬಂತೆಂದರೆ ಸಾಕು, ಸುರುಳಿ ಸುತ್ತಿದ ಒಂದು ಕ್ಯಾಲೆಂಡರ್ ಹಿಡಿದು ಬಾಗಿಲಲ್ಲಿ ನಿಲ್ಲುತ್ತಾರೆ.

"ಈ ಸಲ ಎಲ್ಲಿ ತೂಗುಹಾಕ್ಲಿ, ಟೀಚರಮ್ಮ?"