ಒಂದು ಬೆನ್ನು, ಎರಡು ಕಡತ

ಘಾಜಿಯಾಬಾದಿನಿಂದ ದೆಹಲಿಗೆ ಹೋಗುವ ಬೆಳಗಿನ ಲೋಕಲ್ ರೈಲನ್ನು ಯುದ್ಧಭೂಮಿ ಎನ್ನುವವರು ಯುದ್ಧಕ್ಕೆ ಅನ್ಯಾಯ ಮಾಡುತ್ತಾರೆ. ಯುದ್ಧದಲ್ಲಿ ಶಂಖ ಊದಿಯಾದರೂ ಹೊಡೆಯುತ್ತಾರೆ. ನನಗೆ ಏಟು ಬಿದ್ದದ್ದು ಹಿಂದಿನಿಂದ, ಮೂರು ಅಂತಸ್ತಿನ ಸ್ಟೀಲ್ ಊಟದ ಕ್ಯಾರಿಯರಿನಿಂದ, ಸೊಂಟದ ನಟ್ಟನಡುವೆ. ಹೊಡೆದಾತ ದಿನಾ ಅದೇ ಬೋಗಿಯಲ್ಲಿ ಹೋಗುವ ಬ್ಯಾಂಕ್ ನೌಕರ. ನಾನು ಮುಗ್ಗರಿಸಿ ಬಿದ್ದೆ. ಅವನು ನನ್ನನ್ನು ದಾಟಿ ಹೋಗಿ, ಕಿಟಕಿಯ ಪಕ್ಕ ಕೂತು, ಪೇಪರು ಬಿಡಿಸಿದ.

ಆ ವಾರವೇ ಎಡಗಾಲಿನುದ್ದಕ್ಕೂ ಕಾದ ತಂತಿ ಎಳೆದಂಥ ನೋವು ಶುರುವಾಯಿತು. ಸಚಿವಾಲಯವೊಂದರಲ್ಲಿ ಸೆಕ್ಷನ್ ಆಫೀಸರನಾಗಿದ್ದ ನನಗೆ ಅಪರಾಧಿ ಯಾರೆಂದು ತೀರ್ಮಾನಿಸಲು ವಿಚಾರಣೆ ಬೇಕಾಗಲಿಲ್ಲ. ಹದಿನೈದು ದಿನ ತಾಳಿದೆ. ಹದಿನಾರನೆಯ ದಿನ ಪ್ಲಾಟ್‌ಫಾರ್ಮಿನಲ್ಲಿ ಅವನ ಹೆಗಲಿಗೆ ಛತ್ರಿಯಿಂದ ಬಾರಿಸಿದೆ. ಛತ್ರಿ ಮುರಿಯಿತು. ಅವನು ನನ್ನ ಕಾಲರು ಹಿಡಿದು, ಕಂಬಕ್ಕೆ ಒತ್ತಿ, ಮುಖಕ್ಕೆ ಎರಡು ಕೊಟ್ಟ. ಅಷ್ಟರಲ್ಲಿ ರೈಲು ಬಂದದ್ದರಿಂದ ಜನ ನಮ್ಮನ್ನು ಬಿಡಿಸಿದರು, ದಾರಿಗೆ ಅಡ್ಡವಾಗಿದ್ದೆವು.

ಒಡೆದ ತುಟಿಯೊಂದಿಗೆ ಮನೆಗೆ ಬಂದಾಗ ಹೆಂಡತಿ ಕೇಳಿದಳು, "ರೀ, ನಿಮಗೆ ಈಗ ಎಷ್ಟು ವಯಸ್ಸು?"

"ಐವತ್ತೆರಡು."

"ಗೊತ್ತಿದೆಯಲ್ಲ, ಸಾಕು."

ಎಮ್‌ಆರ್‌ಐ ಮಾಡಿಸಿ, ಹೌಜ್ ಖಾಸಿನಲ್ಲಿದ್ದ ಕೈರೋಪ್ರಾಕ್ಟರ್ ಒಬ್ಬರ ಬಳಿಗೆ ಅವಳೇ ಕರೆದೊಯ್ದಳು. ಬೆನ್ನಿನ ಕೀಲುಗಳನ್ನು ಕೈಯಿಂದಲೇ ಸಡಿಲಿಸಿ ನೋವು ಇಳಿಸುವ ವಿದ್ಯೆ ಅವರದು. ನನ್ನ ಎದೆಮಟ್ಟದ ಹೆಂಗಸು. ಫಿಲ್ಮನ್ನು ಬೆಳಕಿಗೆ ಹಿಡಿದರು. ಮೂಳೆ ಮೂಳೆಯ ನಡುವೆ ಬೆಳ್ಳಗಿನ ದಿಂಬುಗಳು. ಕೆಳಗಿನ ಎರಡು ಮಾತ್ರ ಕರಿ.

"ಬೆಳ್ಳಗಿರೋದು ನೀರಿರೋ ಡಿಸ್ಕು. ಈ ಎರಡು ಒಣಗಿ ಚಪ್ಪಟೆಯಾಗಿವೆ. ಒಂದು ಹೊರಗೆ ಉಬ್ಬಿ ಕಾಲಿನ ನರ ಒತ್ತುತ್ತಾ ಇದೆ."

"ಕ್ಯಾರಿಯರಿನ ಏಟಿಗೆ ತಾನೆ?"

"ಒಂದು ಏಟಿಗೆ ಡಿಸ್ಕು ಒಣಗಲ್ಲ ಸರ್. ಇದು ಎಷ್ಟೋ ವರ್ಷದ ಕೆಲಸ. ವಯಸ್ಸು, ಆಫೀಸಿನ ಕುರ್ಚಿ."

ಛತ್ರಿ ಮುರಿದುಕೊಂಡ ಮೇಲೆ ಇಂಥ ತೀರ್ಪು ಕೇಳುವುದು ಕಷ್ಟ.

ಒಣಗಿದ್ದು ಮತ್ತೆ ನೆನೆಯುವುದಿಲ್ಲ, ನೋವು ತಗ್ಗಿಸಬಹುದು ಅಷ್ಟೇ ಎಂದರು. ಪ್ರತಿ ಭೇಟಿಯಲ್ಲೂ ನನ್ನ ಎಡಗಾಲಿನ ಹೆಬ್ಬೆರಳನ್ನು ಒತ್ತಿ ಹಿಡಿದು "ಎತ್ತಿ" ಎನ್ನುತ್ತಿದ್ದರು. ಅದು ಎದ್ದರೆ ನರಕ್ಕೆ ಬಲವಿದೆ. ಏಳದಿದ್ದರೆ ಆಪರೇಷನ್. ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನವರು ಬೆನ್ನು ಕೊಯ್ಸಿಕೊಂಡು ಕೋಲು ಹಿಡಿದೇ ಮರಳಿದ್ದರು. ಕೋಲು ಹಿಡಿಯುವಂತಾಗದಿರಲಿ ಎಂಬುದೊಂದೇ ಆಗ ನನ್ನ ಪ್ರಾರ್ಥನೆ. ಹೆಬ್ಬೆರಳು ಎದ್ದು ನಿಲ್ಲುತ್ತಿತ್ತು.

ಆದರೆ ನೋವು ಇಳಿಯುವುದು ತಡವಾಯಿತು. ಸಚಿವಾಲಯದಲ್ಲಿ ಒಂದೇ ವಿಷಯಕ್ಕೆ ಎರಡು ಕಡತ ತೆರೆಯುವುದು ಮಹಾಪಾಪ. ಒಂದರಲ್ಲಿ ಬೇಡವೆಂದದ್ದು ಇನ್ನೊಂದರಲ್ಲಿ ಮಂಜೂರಾಗಿ ಕೂತಿರುತ್ತದೆ. ಇದನ್ನು ಗುಮಾಸ್ತರಿಗೆ ಕಲಿಸಿ, ಕಲಿಯದವರಿಗೆ ಮೆಮೊ ಕೊಟ್ಟವನು ನಾನು. ಅಂಥ ನಾನು ವೈದ್ಯೆಗೂ ಹೆಂಡತಿಗೂ ತಿಳಿಸದೆ ನನ್ನ ಬೆನ್ನಿಗೆ ಎರಡನೆಯ ಕಡತ ತೆರೆದೆ: ನಮ್ಮ ಮಾರುಕಟ್ಟೆಯ ಹಿಂದೆ, ಕುಸ್ತಿ ಬಿಟ್ಟು ಮೂಳೆ ಕೂರಿಸುತ್ತಿದ್ದ ಪೈಲ್ವಾನನ ಬಳಿ.

"ದೆಹಲಿಯ ಡಾಕ್ಟರು ಏನು ಮಾಡಿದರು, ಬಾಬೂಜಿ?"

"ಒತ್ತಿದರು."

"ಒತ್ತೋದು ಡೋರ್‌ಬೆಲ್ಲು. ಚಲೋ, ಲೇಟ್ ಜಾವೋ, ಮಲಗಿ."

ಹಲಗೆಯ ಮೇಲೆ ಬೋರಲಾಗಿ ಮಲಗಿದೆ. ಸಾಸಿವೆ ಎಣ್ಣೆ ಸುರಿದ. ಮೊಣಕಾಲನ್ನು ನನ್ನ ಸೊಂಟಕ್ಕೆ ಊರಿ, ಎರಡು ಕಾಲನ್ನೂ ಹಿಂದಕ್ಕೆ ಎಳೆದ. ಬಿಡು ಎಂದು ಮೊದಲು ಹಿಂದಿಯಲ್ಲಿ ಕೂಗಿದೆ, ಆಮೇಲೆ ಕನ್ನಡದಲ್ಲಿ. ಎರಡು ಭಾಷೆಗಳನ್ನೂ ಆತ ಸಮಾನವಾಗಿ ಕಡೆಗಣಿಸಿದ. ಬಳಿಕ ಮೇಲೆ ಹತ್ತಿ ನಿಂತು ಹಿಮ್ಮಡಿಯಿಂದ ತುಳಿದ. ಕಬ್ಬು ಮುರಿದಂಥ ಸದ್ದಾಯಿತು. ಬಾಯಿಯಲ್ಲಿ ರಕ್ತದ ರುಚಿ, ನಾಲಗೆ ಕಚ್ಚಿಕೊಂಡಿದ್ದೆ.

"ಕೇಳಿದಿರಾ? ಕೂತಿತು," ಎಂದ.

ಎದ್ದು ನಿಂತಾಗ ಎಡಪಾದ ಚಪ್ಪಲಿಯನ್ನು ಹಿಡಿಯಲಿಲ್ಲ. ಅದು ನೆಲ ಸವರುತ್ತ ಮನೆಗೆ ಬಂತು. ಚಪ್ಪಲಿ ದಾರಿಯಲ್ಲಿ ಎಲ್ಲಿ ಬಿತ್ತೆಂದು ಪಾದಕ್ಕೇ ತಿಳಿದಿರಲಿಲ್ಲ.

ಮರುದಿನ ಹೌಜ್ ಖಾಸಿನಲ್ಲಿ ವೈದ್ಯೆ "ಎತ್ತಿ" ಎಂದರು. ಹೆಬ್ಬೆರಳು ಮಲಗಿಯೇ ಇತ್ತು.

"ಯಾರು ಮುಟ್ಟಿದರು?"

ಹೇಳಿದೆ. ಜೊತೆಗೆ ಬಂದಿದ್ದ ಹೆಂಡತಿ ಮೇಜಿನ ಮೇಲಿದ್ದ ಪ್ಲಾಸ್ಟಿಕ್ ಬೆನ್ನುಮೂಳೆಯನ್ನು ಗದೆಯಂತೆ ಎತ್ತಿಕೊಂಡಳು. ವೈದ್ಯೆ ಅವಳ ಕೈಯಿಂದ ಅದನ್ನು ಮೆಲ್ಲಗೆ ಬಿಡಿಸಿ ಕೆಳಗಿಟ್ಟರು. "ಇನ್ನು ನಾನು ಮುಟ್ಟಲ್ಲ. ನರ ಸೋತಿದೆ. ಈಗಲೇ ಆಸ್ಪತ್ರೆಗೆ ಹೋಗಿ."

ಆ ವಾರವೇ ಕೊಯ್ದರು. ಕಾಲಿನ ನೋವು ಹೋಯಿತು. ಹೆಬ್ಬೆರಳು ಅರ್ಧ ಎದ್ದು, ಇನ್ನರ್ಧವನ್ನು ಬಾಕಿ ಉಳಿಸಿಕೊಂಡಿತು. ಬೇಡವೆಂದಿದ್ದ ಕೋಲು ಕೈಗೆ ಬಂತು.

ಮೂರು ತಿಂಗಳ ಮೇಲೆ ಮತ್ತೆ ಅದೇ ಬೋಗಿ ಹತ್ತಿದೆ. ಬಾಗಿಲಲ್ಲಿ ಮೊಣಕೈಗಳು ಆಡುತ್ತಿದ್ದವು. ಯಾರದೋ ಮೂಗಿನಿಂದ ರಕ್ತ ಸುರಿಯುತ್ತಿತ್ತು. ಕಿಟಕಿಯ ಪಕ್ಕ ಬ್ಯಾಂಕಿನವನು. ನನ್ನನ್ನು ನೋಡಿದ, ಕೋಲನ್ನು ನೋಡಿದ, ಕ್ಯಾರಿಯರನ್ನು ಎದೆಗೆ ಅಡ್ಡ ಹಿಡಿದು ಎದ್ದು ನಿಂತ.

"ಕೂತ್ಕೊಳ್ಳಿ, ಭಾಯಿಸಾಬ್."

"ನೀವೇ ಕೂತ್ಕೊಳ್ಳಿ. ಆವತ್ತಿನದು ನಿಮ್ಮ ತಪ್ಪಲ್ಲ. ಡಾಕ್ಟರೇ ಹೇಳಿದ್ದಾರೆ, ಕುರ್ಚಿಯದು."

"ಅಚ್ಛಾ," ಎಂದ ಅವನು, ಕೋಲಿನಿಂದ ಕಣ್ಣು ತೆಗೆಯದೆ. "ಆದರೂ ಅದನ್ನ ಮೊದಲು ಕೆಳಗಿಡಿ."

ಕೋಲನ್ನು ಕಾಲ ಬಳಿ ಇಟ್ಟು ಕಿಟಕಿಯ ಪಕ್ಕ ಕೂತೆ. ದೆಹಲಿ ಬರುವವರೆಗೂ ಅವನು ಕ್ಯಾರಿಯರನ್ನು ಎದೆಯಿಂದ ಇಳಿಸಲಿಲ್ಲ.