ಮುರಿದ ಟ್ಯಾಪ್ ತೆಗೆಯುವ ಬೈರಣ್ಣ

ನನ್ನ ಐಡಿ ಕಾರ್ಡಿನ ಮೇಲೆ ‘ಟ್ರೈನಿ ಇಂಜಿನಿಯರ್’ ಎಂದಿದೆ. ಅದರ ಫೋಟೋದಲ್ಲಿರುವವನು ನನಗಿಂತ ಹೆಚ್ಚು ಓದಿಕೊಂಡವನಂತೆ ಕಾಣುತ್ತಾನೆ. ಕೆಲಸ ಮಾತ್ರ ಸ್ಕೂಟರಿನದು. ಕುಮಾರಸ್ವಾಮಿ ಲೇಔಟಿನ ನಮ್ಮ ವರ್ಕ್‌ಶಾಪಿನಿಂದ ಕೆಟ್ಟ ಪೀಸುಗಳನ್ನು ಚೀಲದಲ್ಲಿಟ್ಟುಕೊಂಡು ಗೊಟ್ಟಿಗೆರೆಗೆ ಹೋಗುವುದು, ಸರಿಯಾದವನ್ನು ಇಟ್ಟುಕೊಂಡು ವಾಪಸ್ ಬರುವುದು. ಬಿ.ಇ. ಮುಗಿಸುವಷ್ಟರಲ್ಲಿ ನಾನು ಸಂಪಾದಿಸಿದ್ದರಲ್ಲಿ ಈವರೆಗೆ ಉಪಯೋಗಕ್ಕೆ ಬಂದದ್ದು ಡ್ರೈವಿಂಗ್ ಲೈಸೆನ್ಸ್ ಒಂದೇ.

ಗೊಟ್ಟಿಗೆರೆಯಲ್ಲಿರುವವರು ಬೈರಣ್ಣ. ನಮ್ಮ ಮಾಲೀಕ ಭಾರ್ಗವ ಸಾರ್ ಅವರ ತಂದೆ ಒಂದೇ ಒಂದು ಲೇತ್ ಇಟ್ಟು ವರ್ಕ್‌ಶಾಪ್ ಶುರು ಮಾಡಿದಾಗ ಆ ಲೇತಿನ ಮುಂದೆ ನಿಂತವರು ಇವರು. ಚಡ್ಡಿ ಹಾಕಿಕೊಂಡ ಭಾರ್ಗವ ಸಾರ್ ಮಷಿನ್ ಕೆಳಗೆ ಬಿದ್ದ ಕಬ್ಬಿಣದ ಸುರುಳಿ ಆಯಲು ಬಂದರೆ, “ಕೈ ಕುಯ್ಕೋತೀಯ, ನಡಿ ಆಚೆ” ಎಂದು ಗದರಿಸುತ್ತಿದ್ದವರೂ ಇವರೇ. ವಯಸ್ಸಾಗಿ ಮನೆಯಲ್ಲಿ ಕೂತ ಮೇಲೂ ಒಂದು ಕೆಲಸವನ್ನು ಮಾತ್ರ ಬಿಟ್ಟುಕೊಟ್ಟಿರಲಿಲ್ಲ: ಮುರಿದ ಟ್ಯಾಪ್ ತೆಗೆಯುವುದು.

ಬೋಲ್ಟ್ ತಿರುಗಿ ಕೂರಲೆಂದು ತೂತಿನ ಒಳಗೆ ಥ್ರೆಡ್ ಕೊರೆಯುವ ಉಕ್ಕಿನ ಕಡ್ಡಿಗೆ ನಮ್ಮಲ್ಲಿ ಟ್ಯಾಪ್ ಅನ್ನುತ್ತಾರೆ. ಅದು ಬಲು ಗಡಸು. ಬಗ್ಗುವುದಿಲ್ಲ, ಮುರಿಯುತ್ತದೆ. ಮುರಿದ ತುಂಡು ತೂತಿನೊಳಗೇ ಸಿಕ್ಕಿಕೊಂಡರೆ ಇಕ್ಕಳಕ್ಕೂ ಸಿಗುವುದಿಲ್ಲ, ಡ್ರಿಲ್ಲಿಗೂ ಜಗ್ಗುವುದಿಲ್ಲ. ದಿನಗಟ್ಟಲೆ ಮಾಡಿದ ಪೀಸು ದಂಡ. ಪೀಸು ಅಲ್ಯೂಮಿನಿಯಮ್ಮಿನದಾದರೆ ಬೈರಣ್ಣನ ಹತ್ತಿರ ಮದ್ದಿತ್ತು. ಪಟಿಕ. ಅಮಾವಾಸ್ಯೆಗೆ ಅಂಗಡಿ ಬಾಗಿಲಿಗೆ ಕಟ್ಟುತ್ತಾರಲ್ಲ, ಅದೇ. ಪಟಿಕದ ನೀರನ್ನು ಕುದಿಸಿ ಪೀಸನ್ನು ಅದರಲ್ಲಿ ಮುಳುಗಿಸಿಟ್ಟರೆ ಆ ನೀರು ಉಕ್ಕನ್ನು ನಿಧಾನವಾಗಿ ತಿನ್ನುತ್ತದೆ, ಅಲ್ಯೂಮಿನಿಯಮ್ಮಿನ ತಂಟೆಗೆ ಹೋಗುವುದಿಲ್ಲ. ಟ್ಯಾಪ್ ಕರಿ ಮಡ್ಡಿಯಾಗಿ ತೂತಿನಿಂದ ಇಳಿದುಬರುತ್ತದೆ.

ಹಿತ್ತಲಲ್ಲಿ ಸೌದೆ ಒಲೆ, ಅದರ ಮೇಲೆ ನೆಗ್ಗಿದ ಅಲ್ಯೂಮಿನಿಯಂ ಪಾತ್ರೆ, ಪಕ್ಕದಲ್ಲಿ ಸ್ಟೂಲ್ ಮೇಲೆ ಬೈರಣ್ಣ. ಪಟಿಕ ತರುವ ಕೆಲಸ ಅವರ ಹೆಂಡತಿ ಯಲ್ಲಮ್ಮನವರದು.

“ಅಂಗಡಿಯವ್ನು ಕೇಳ್ತಾನೆ, ಇಡೀ ಬನ್ನೇರುಘಟ್ಟ ರೋಡಿಗೇ ದೃಷ್ಟಿ ತೆಗೀತೀರೇನಮ್ಮ ಅಂತ” ಎಂದು ಅವರು ಗೊಣಗುತ್ತಿದ್ದರು.

“ಹೂಂ ಅನ್ನು. ಆ ರೋಡಿಗೆ ತೆಗೆದ್ರೂ ತಪ್ಪಿಲ್ಲ” ಎನ್ನುತ್ತಿದ್ದರು ಬೈರಣ್ಣ.

ಯಲ್ಲಮ್ಮನವರೇ ಒಂದು ದಿನ ಗೇಟಿನ ಹತ್ತಿರ ನನ್ನನ್ನು ನಿಲ್ಲಿಸಿ ದನಿ ತಗ್ಗಿಸಿ ಹೇಳಿದರು: “ಶುಗರ್ ಕಣ್ಣಿಗೆ ಇಳ್ದಿದೆ ಕಣಪ್ಪ. ಬೆಳಕು ಯಾವ್ದು, ಕತ್ಲೆ ಯಾವ್ದು ಅಷ್ಟೇ ಗೊತ್ತಾಗೋದು. ಶಾಪಲ್ಲಿ ಬಾಯ್ ಬಿಡ್ಬೇಡ. ಕೆಲ್ಸ ನಿಂತ್ರೆ ಈ ಮನುಷ್ಯ ಗೋಡೆಗೆ ಮುಖ ಮಾಡ್ಕೊಂಡು ಮಲಗ್ಬಿಡ್ತಾನೆ.”

ಆಮೇಲೆ ಗಮನಿಸಿದೆ. ಬೈರಣ್ಣ ಪೀಸನ್ನು ಕೈಗೆ ತೆಗೆದುಕೊಂಡು ಬೆರಳಲ್ಲಿ ಸುತ್ತ ತಡವುತ್ತಿದ್ದರು. ಉಕ್ಕು ಎಲ್ಲಿದೆಯೆಂದು ತಿಳಿಯಲು ಅಯಸ್ಕಾಂತದ ಚೂರೊಂದನ್ನು ಮೇಲೆ ಆಡಿಸುತ್ತಿದ್ದರು. ಮಿಕ್ಕಿದ್ದೆಲ್ಲ ಕಿವಿಯ ಕೆಲಸ. ಉಕ್ಕು ಕರಗುವಷ್ಟು ಹೊತ್ತೂ ತೂತಿನಿಂದ ಗುಳ್ಳೆಗಳೆದ್ದು ಸಣ್ಣಗೆ ಬುಸುಗುಡುತ್ತವೆ. ಸದ್ದು ನಿಂತರೆ ಟ್ಯಾಪ್ ಮುಗಿದಂತೆ. ನಾನು ಅವರ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡೆ. ತಂದ ಪೀಸುಗಳನ್ನು ಭಾರ್ಗವ ಸಾರ್ ಟೇಬಲ್ ಮೇಲಿಟ್ಟು, ಅವರು ಕೇಳದಿದ್ದರೂ, “ಬೈರಣ್ಣ ಆರಾಮಾಗಿದ್ದಾರೆ ಸಾರ್, ಸಖತ್ ಕೆಲಸ” ಅನ್ನುತ್ತಿದ್ದೆ. ಅವರು ತಲೆಯೆತ್ತದೆ “ಗುಡ್” ಅನ್ನುತ್ತಿದ್ದರು. ಇಷ್ಟು ಚೆನ್ನಾಗಿ ಸುಳ್ಳು ಹೇಳಬಲ್ಲ ನಾನು ಸೇಲ್ಸ್‌ಗೆ ಹೋಗಬೇಕಿತ್ತು ಎಂದು ನನಗೇ ಅನ್ನಿಸುತ್ತಿತ್ತು.

ಈ ಮಳೆಗಾಲದಲ್ಲಿ ಅಂಗೈಯಗಲದ ಒಂದು ಅಲ್ಯೂಮಿನಿಯಂ ಬ್ಲಾಕ್ ಕೊಂಡೊಯ್ದೆ. ಬೈರಣ್ಣ ಎಂದಿನಂತೆ ತಡವಿದರು, ಅಯಸ್ಕಾಂತ ಆಡಿಸಿದರು. ಅದು ಮುರಿದ ಟ್ಯಾಪಿನ ಕಡೆಗೆ ಟಕ್ಕನೆ ಎಳೆಯಿತು. “ಸಿಕ್ದ ಕಳ್ಳ” ಎಂದು ಬ್ಲಾಕನ್ನು ಪಾತ್ರೆಗೆ ಇಳಿಸಿದರು.

ಮಾರನೇ ದಿನ ಹೋದಾಗಲೂ ಪಾತ್ರೆ ಬುಸುಗುಡುತ್ತಿತ್ತು.

“ಇನ್ನೂ ಆಗಿಲ್ವಾ ಬೈರಣ್ಣ?”

“ಇದ್ಯಾಕೋ ಭಾರಿ ಪಿಂಡ ಕಣೋ ಇಂಜಿನಿಯರ್ರು. ಬಿಡಲ್ಲ ಅಂತ ಹಟ ಹಿಡಿದಿದೆ. ನಾನೇನು ಬಿಡ್ತೀನಾ?” ಅವರು ಇನ್ನೊಂದು ಹಿಡಿ ಪಟಿಕ ಹಾಕಿದರು. ಮುಖದಲ್ಲಿ ಖುಷಿಯಿತ್ತು. ಹೊಗೆಗೆ ಕೆಮ್ಮುತ್ತ, ಸೌದೆ ಮುಂದಕ್ಕೆ ತಳ್ಳುತ್ತ, ಯಾವುದೋ ಹಳೇ ಜಗಳವನ್ನು ಮತ್ತೆ ಆಡುವವರ ಹಾಗೆ ಪಾತ್ರೆಯ ಜೊತೆ ಮಾತಾಡುತ್ತಿದ್ದರು.

ಅದರ ಮರುದಿನ ಸದ್ದು ನಿಂತಿತ್ತು. ಬೈರಣ್ಣ ಬ್ಲಾಕನ್ನು ಬಕೆಟ್ಟಿನಲ್ಲಿ ಅದ್ದಿ ತೆಗೆದು ತೂತಿಗೆ ಬೋಲ್ಟ್ ಹಾಕಿ ತಿರುಗಿಸಿದರು. ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯಿತು. ಇನ್ನೇನು ನನ್ನ ಕೈಗೆ ಕೊಡಬೇಕು, ಅವರ ಹೆಬ್ಬೆರಳು ಪಕ್ಕದಲ್ಲೊಂದು ಹಳ್ಳಕ್ಕೆ ಬಿತ್ತು.

“ಇಲ್ಲೇನಿತ್ತೋ?”

ನಾನು ಬಗ್ಗಿ ನೋಡಿದೆ. ಟ್ಯಾಪಿನ ತೂತಿಗೆ ಅಂಟಿಕೊಂಡಂತೆಯೇ ಇನ್ನೊಂದು ದೊಡ್ಡ ತೂತು. ಅದರೊಳಗೆ ಉಕ್ಕಿನ ಬುಷ್, ಅಂದರೆ ಬಿಗಿಯಾಗಿ ಕೂರಿಸಿ ಮೇಲ್ಮೈಗೆ ಮಟ್ಟ ಮಾಡಿದ ಉಂಗುರ, ಇದ್ದಿರಬೇಕು. ಈಗ ಹುಳುಕು ಹಲ್ಲಿನಂಥ ಚೂರುಗಳಷ್ಟೇ ಉಳಿದಿದ್ದವು. ಅಯಸ್ಕಾಂತ ಎಳೆದದ್ದು ಟ್ಯಾಪಿಗೋ ಬುಷ್ಷಿಗೋ ಎಂದು ಹೇಳುವವರು ಯಾರು? ಎರಡೂ ಉಕ್ಕು, ನಡುವೆ ಉಗುರಿನಷ್ಟು ಜಾಗ. ಎರಡು ದಿನ ಬುಸುಗುಟ್ಟಿದ್ದು ಬುಷ್.

“ಬಳೆ ಥರ ಹೊಳೀತಿತ್ತಾ ಇಲ್ಲಿ? ತಂದಾಗ ನೋಡ್ಲಿಲ್ವಾ ನೀನು?”

ನನಗೆ ಎರಡು ಕಣ್ಣಿವೆ. ಅವನ್ನು ಸಿಗ್ನಲ್ ನೋಡಲು ಬಳಸುತ್ತೇನೆ. “ನೋಡ್ಲಿಲ್ಲ ಬೈರಣ್ಣ” ಎಂದೆ. “ನನ್ನ ಕೈಯಿಂದ ರೋಡಲ್ಲಿ ಬಿತ್ತು, ಮೇಲೆ ಲಾರಿ ಹತ್ತಿತು ಅಂತೀನಿ, ಬಿಡಿ.”

“ಲಾರಿ ಹತ್ತಿದ ಪೀಸಿಗೂ ಕರಗಿದ ಪೀಸಿಗೂ ವ್ಯತ್ಯಾಸ ಗೊತ್ತಾಗ್ದೇ ಇರೋಕೆ ಅಲ್ಲಿ ಎಲ್ರೂ ನಿನ್ನಂಗೆ ಇಂಜಿನಿಯರ್ರಾ?” ಬೈರಣ್ಣ ಎದ್ದರು. “ಯಲ್ಲಮ್ಮ, ಬಿಳೀ ಶರ್ಟ್ ಕೊಡು. ನನ್ನ ಕೈಲಿ ಕೆಟ್ಟಿದ್ದು, ನಾನೇ ಹೋಗಿ ಹೇಳ್ಬೇಕು.”

“ಹೋದ್ರೆ ಕಣ್ಣಿನ ವಿಷ್ಯಾನೂ ಹೇಳ್ಬೇಕಾಗತ್ತೆ” ಎಂದರು ಯಲ್ಲಮ್ಮ.

“ಹೇಳಿ ಕೇಳ್ಕೋತೀನಿ. ಯಾವ್ದ್ರಲ್ಲಿ ಬುಷ್ ಇದೆ ಅಂತ ಭಾರ್ಗವ ಬಾಯಲ್ಲಿ ಹೇಳಿ ಕಳ್ಸಲಿ. ಅಷ್ಟು ಮಾಡಲ್ವಾ ಹುಡ್ಗ?”

ಸ್ಕೂಟರಿನ ಹಿಂದೆ ಕೂತು ದಾರಿಯುದ್ದಕ್ಕೂ ಅವರು ನನ್ನ ಭುಜ ಹಿಡಿದಿದ್ದರು. ಪ್ರತಿ ಹಳ್ಳಕ್ಕೂ ಆ ಹಿಡಿತ ಬಿಗಿಯಾಗುತ್ತಿತ್ತು. ಆ ರಸ್ತೆಯಲ್ಲಿ ಅದು ಸಡಿಲವಾಗಿದ್ದ ಹೊತ್ತು ಕಡಿಮೆ.

ವರ್ಕ್‌ಶಾಪಿನಲ್ಲಿ ಭಾರ್ಗವ ಸಾರ್ ಓಡಿಬಂದು ಕೈ ಹಿಡಿದು ಕುರ್ಚಿಯಲ್ಲಿ ಕೂರಿಸಲು ಹೋದರು. ಬೈರಣ್ಣ ಕೂರಲಿಲ್ಲ, ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತರು.

“ಚಿಕ್ಕ್ ಸಾರ್, ಒಂದು ತಪ್ಪಾಗಿದೆ. ಬುಷ್ ತಿಂದು ಹಾಕ್ದೆ. ಕಣ್ಣು ಹೋಗಿದೆ ನಂಗೆ. ಮುಚ್ಚಿಟ್ಟಿದ್ದೆ. ಆರ್ಡರ್ ಕೊಟ್ಟ ಪಾರ್ಟಿ ಹತ್ರ ನಿಮ್ ಮಾನ ಹೋಗೋ ಹಂಗೆ ಮಾಡ್ದೆ. ಇನ್ಮೇಲೆ ಯಾರಾದ್ರೂ ನೋಡಿ, ಹೇಳಿ ಕಳ್ಸಿ. ಕೆಲ್ಸ ಮಾತ್ರ ನಿಲ್ಲಿಸ್ಬೇಡಿ.”

ಭಾರ್ಗವ ಸಾರ್ ಒಳ್ಳೆಯವರು. ಆವತ್ತಿನ ಅನಾಹುತಕ್ಕೆ ಅವರ ಒಳ್ಳೆಯತನವೇ ಕಾರಣ. ಎದುರಿಗೆ ನಿಂತ ಮುದುಕ ಬೇಡಿಕೊಳ್ಳುವುದನ್ನು ನೋಡಲಾರದೆ ಅವರು ತಟ್ಟನೆ ಅಂದುಬಿಟ್ಟರು: “ಅಯ್ಯೋ ಬೈರಣ್ಣ, ಇದಕ್ಯಾಕೆ ಇಷ್ಟು ಬೇಜಾರು? ಅದು ಮೊದ್ಲೇ ರಿಜೆಕ್ಟ್ ಆಗಿದ್ದ ಪೀಸು. ಹೋದ್ರೆ ಹೋಗ್ಲಿ ಬಿಡಿ, ಏನೂ ನಷ್ಟ ಇಲ್ಲ.”

ಬೈರಣ್ಣನ ಮುಖ ಹಗುರಾಯಿತು. ಆಮೇಲೆ, ಬಹಳ ನಿಧಾನವಾಗಿ, ಮೊದಲಿಗಿಂತ ಭಾರವಾಯಿತು.

“ರಿಜೆಕ್ಟ್ ಆಗಿರೋದ್ರಲ್ಲಿ ಟ್ಯಾಪ್ ಯಾಕೆ ತೆಗೀಬೇಕು?”

ಅವರು ಭಾರ್ಗವ ಸಾರ್ ದನಿ ಬಂದ ಕಡೆಗೆ ತಿರುಗಿದರು.

“ಮತ್ತೆ ಹೋದ ತಿಂಗಳು ಕಳ್ಸಿದ್ದು? ಯುಗಾದಿ ಮುಂಚೆ ಕಳ್ಸಿದ್ದು?”

ಭಾರ್ಗವ ಸಾರ್ ನೆಲ ನೋಡಿದರು. ನಾನು ಮಷಿನ್ ನಡೆಸುವ ದಿನೇಶನ ಮುಖ ನೋಡಿದೆ. ಅವನು ಕೈಯಲ್ಲಿದ್ದ ಬನಿಯನ್ ಬಟ್ಟೆಯಿಂದ ಒರೆಸಿದ್ದನ್ನೇ ಒರೆಸುತ್ತಿದ್ದ.

ಸತ್ಯ ಇಷ್ಟು. ಬೈರಣ್ಣನಿಗೆ ಕಣ್ಣು ಕಾಣುವುದಿಲ್ಲವೆಂದು ಭಾರ್ಗವ ಸಾರ್‌ಗೆ ಹೋದ ವರ್ಷ ಆಯುಧಪೂಜೆಯಲ್ಲೇ ಗೊತ್ತಾಗಿತ್ತು. ಮಂಗಳಾರತಿ ತಟ್ಟೆ ಎದುರು ಹಿಡಿದರೂ ಬೈರಣ್ಣ ಪಕ್ಕದ ಗಾಳಿಗೆ ಕೈ ಚಾಚಿದ್ದರಂತೆ. ಅಂದಿನಿಂದ ನಿಜವಾಗಿ ಟ್ಯಾಪ್ ಮುರಿದ ಪೀಸುಗಳೆಲ್ಲ ಕರೆಂಟಿನ ಕಿಡಿಯಿಂದ ಟ್ಯಾಪನ್ನು ಸುಟ್ಟು ತೆಗೆಯುವ ಸ್ಪಾರ್ಕ್ ಮಷಿನ್ ಇರುವ ಇನ್ನೊಂದು ಶಾಪಿಗೆ ಹೋಗುತ್ತಿದ್ದವು. ಬೈರಣ್ಣನಿಗೆಂದು ರಿಜೆಕ್ಟ್ ಪೀಸೊಂದನ್ನು ಆರಿಸಿ, ಸವೆದ ಟ್ಯಾಪೊಂದನ್ನು ಅದರಲ್ಲಿ ದಿನೇಶ್ ಬೇಕೆಂದೇ ಮುರಿಯುತ್ತಿದ್ದ. ನಾನು ಅದನ್ನು ಹೆಲ್ಮೆಟ್ ಹಾಕಿಕೊಂಡು, ಜರಡಿಯಂಥ ರಸ್ತೆಯಲ್ಲಿ ಜತನದಿಂದ ಒಯ್ದು ತರುತ್ತಿದ್ದೆ. ಅವರ ಗುಟ್ಟನ್ನು ಕಾಪಾಡುತ್ತಿದ್ದೇನೆಂದು ಬೀಗುತ್ತಿದ್ದ ನನಗೆ, ಆ ಶಾಪಿನಲ್ಲಿ ಎಲ್ಲರಿಗೂ ಗೊತ್ತಿದ್ದ ಇನ್ನೊಂದು ಗುಟ್ಟು ಗೊತ್ತಿರಲಿಲ್ಲ.

“ನಿಮಗೆ ನೋವಾಗ್ಬಾರ್ದು ಅಂತ...” ಎಂದರು ಭಾರ್ಗವ ಸಾರ್.

“ಗೊತ್ತು ಸಾರ್. ನಿಮ್ಮಪ್ಪಾಜೀನೂ ಹಂಗೇ ಇದ್ರು.” ಬೈರಣ್ಣ ಕುರ್ಚಿಯ ಬೆನ್ನು ಬಿಟ್ಟು ಕೇಳಿದರು: “ಅವನ್ನೆಲ್ಲ ಎಲ್ಲಿ ಹಾಕಿದ್ದೀರಾ?”

ಯಾರೂ ಹೇಳದಿದ್ದರೂ ದಿನೇಶ್ ಅವರ ಕೈ ಹಿಡಿದು ಹಿಂದಿನ ಬಾಗಿಲಿನ ಗುಜರಿ ಡ್ರಮ್ಮಿನ ಹತ್ತಿರ ಕರೆದೊಯ್ದ. ಬೈರಣ್ಣ ಶರ್ಟಿನ ತೋಳು ಮಡಚಿ ಒಳಗೆ ಕೈ ಹಾಕಿದರು. ಚೂಪು ಸುರುಳಿಗಳ ನಡುವೆ ತಡಕಿ ಒಂದು ಪೀಸು ಎತ್ತಿ ತೂತಿನೊಳಗೆ ಕಿರುಬೆರಳು ತೂರಿಸಿ ಥ್ರೆಡ್ ಸವರಿದರು.

“ಇದು ನಂದು” ಎಂದು ಪಕ್ಕಕ್ಕಿಟ್ಟರು. ಇನ್ನೊಂದು ತೆಗೆದರು. “ಇದೂ ನಂದು. ಇದ್ರಲ್ಲಿ ಟ್ಯಾಪಿಂದು ಒಂದು ಹಲ್ಲು ಉಳ್ಕೊಂಡು ಬಾಳ ಕಾಟ ಕೊಡ್ತು.”

“ಸಾಕು ಬೈರಣ್ಣ, ಕೈ ಕುಯ್ಯತ್ತೆ” ಎಂದ ದಿನೇಶ್. ಆಗಲೇ ಕುಯ್ದಿತ್ತು. ಅವರಿಗೆ ರಕ್ತ ಕಾಣುತ್ತಿರಲಿಲ್ಲ, ನಮಗೆ ಕಾಣುತ್ತಿತ್ತು.

ಅದಾದ ಮೇಲೆ ಭಾರ್ಗವ ಸಾರ್ ಪಶ್ಚಾತ್ತಾಪಪಟ್ಟು, ಇನ್ನು ಮುಂದೆ ಬುಷ್ ಇಲ್ಲದ ಅಸಲಿ ಪೀಸುಗಳನ್ನು ಬೈರಣ್ಣನಿಗೇ ಕೊಡಬೇಕೆಂದರು. ಹೋದ ವಾರ ಒಂದು ಬಂತು. ಪಾರ್ಟಿಗೆ ತುರ್ತಾಗಿ ಬೇಕಾದದ್ದು, ಅಚ್ಚುಕಟ್ಟಾಗಿ ಮುರಿದದ್ದು. ಈ ಸಲ ನಾನೇ ತಿರುಗಿಸಿ ತಿರುಗಿಸಿ ನೋಡಿ, ಬುಷ್ ಇಲ್ಲವೆಂದು ಖಾತ್ರಿ ಮಾಡಿಕೊಂಡು ಹೋದೆ.

ಬೈರಣ್ಣ ಒಳಕೋಣೆಯಲ್ಲಿ ಮಂಚದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದ್ದರು. ಪೀಸನ್ನು ಅವರ ಕೈಗಿಟ್ಟೆ. ಅವರು ಅದನ್ನು ತಡವಲಿಲ್ಲ.

“ಇದು ನಿಜವಾದ್ದು ಬೈರಣ್ಣ. ನಾಳೆನೇ ಬೇಕಂತೆ. ದೇವ್ರಾಣೆ.”

“ಆಗ್ಲೂ ನೀನೇ ಅಲ್ವಾ ತಂದಿದ್ದು?” ಎಂದರು. ದನಿಯಲ್ಲಿ ಕೋಪವಿರಲಿಲ್ಲ.

“ಆಗ ನಂಗೆ ಗೊತ್ತಿರ್ಲಿಲ್ಲ.”

“ಈಗ ಗೊತ್ತಾ?”

ಭಾರ್ಗವ ಸಾರ್ ನನಗೆ ಹೇಳಿದ್ದೇ ನನಗೆ ಗೊತ್ತಿದ್ದದ್ದು. ಬೈರಣ್ಣ ಪೀಸನ್ನು ನನ್ನ ಕಡೆ ಚಾಚಿದರು. ಅದನ್ನು ಚೀಲದಲ್ಲಿಟ್ಟುಕೊಂಡು ಸ್ಪಾರ್ಕ್ ಮಷಿನ್ ಶಾಪಿನ ದಾರಿ ಹಿಡಿದೆ.