ಹವಾಯಿ ಗಿಟಾರೂ ಬಶೀರಣ್ಣನ ಕಂಠವೂ

ಹವಾಯಿ ಎಂಬುದು ಈ ಭೂಮಿಯ ಮೇಲಿರುವ ಒಂದು ಜಾಗ ಎಂದು ನನಗೆ ತಿಳಿದದ್ದು ಮದುವೆಯಾದ ಮೇಲೆ. ಅಲ್ಲಿಯವರೆಗೆ ಅದು ಚಪ್ಪಲಿಯಾಗಿತ್ತು. ನೀಲಿ ಪಟ್ಟಿಯ, ನಡೆದರೆ ಪಟಪಟ ಎಂದು ಸೀರೆಯ ಹಿಂಭಾಗಕ್ಕೆಲ್ಲ ಕೆಸರು ಸಿಡಿಸುವ ಹವಾಯಿ ಚಪ್ಪಲಿ. ಇದನ್ನು ಹೇಳಿಕೊಳ್ಳಲು ಕೊಂಚ ನಾಚಿಕೆಯೇ. ಏಕೆಂದರೆ ನಾನು ಶಾಲೆಯ ಟೀಚರು. ಹೊಳಲ್ಕೆರೆ ತಾಲ್ಲೂಕಿನ ಶಾಲೆಗಳಲ್ಲಿ ಆಯುಷ್ಯದ ಬಹುಪಾಲನ್ನು ಭೂಪಟದ ಮುಂದೆ ಕೋಲು ಹಿಡಿದು ಕಳೆದವಳು. ಆ ಭೂಪಟದ ಪೆಸಿಫಿಕ್ ಸಾಗರದ ನಟ್ಟನಡುವೆ ಒಂದಷ್ಟು ಚುಕ್ಕೆಗಳಿದ್ದವು. ನೊಣ ಕೂತೆದ್ದ ಗುರುತಿರಬೇಕೆಂದು ಒದ್ದೆ ಬಟ್ಟೆಯಲ್ಲಿ ಉಜ್ಜಿಯೂ ನೋಡಿದ್ದೆ. ಹೋಗಲಿಲ್ಲ. ಅವೇ ಹವಾಯಿ ದ್ವೀಪಗಳಂತೆ!

ಮೊನ್ನೆ ಹಿರಿಯೂರಿನಲ್ಲೊಂದು ಮದುವೆ ಮುಗಿಸಿ ಬಂದಾಗಿನಿಂದ ಆ ಚುಕ್ಕೆಗಳು ಮತ್ತೆ ನೆನಪಾಗುತ್ತಿವೆ. ಚುಕ್ಕೆಗಳಿಗಿಂತ ಹೆಚ್ಚಾಗಿ, ಅಲ್ಲಿಂದ ಹೊರಟು ಹೇಗೋ ನಮ್ಮ ಹೊಸದುರ್ಗದವರೆಗೆ ಬಂದ ಆ ವಾದ್ಯ.

ನನ್ನ ವಯಸ್ಸಿನವರಿಗೆ ನೆನಪಿರಬಹುದು. ಆಗೆಲ್ಲ ನಮ್ಮ ಕಡೆಯ ಮದುವೆಗಳಲ್ಲಿ ಆರತಕ್ಷತೆ ಎಂದರೆ ಆರ್ಕೆಸ್ಟ್ರಾ. ಹಾರ್ಮೋನಿಯಂ, ತಬಲಾ, ಬೊಂಗೋ, ಮ್ಯಾಂಡೊಲಿನ್. ಜೊತೆಗೆ ಒಂದು ಹವಾಯಿ ಗಿಟಾರ್. ಅದನ್ನು ಎದೆಗೆ ಒರಗಿಸಿಕೊಳ್ಳುವುದಿಲ್ಲ. ಎಣ್ಣೆ ಹಚ್ಚಲು ಮಗುವನ್ನು ಕಾಲ ಮೇಲೆ ಮಲಗಿಸಿಕೊಳ್ಳುತ್ತೇವಲ್ಲ, ಹಾಗೆ ತೊಡೆಯ ಮೇಲೆ ಅಂಗಾತ ಮಲಗಿಸಿಕೊಳ್ಳುವುದು. ಬಲಗೈ ಮೀಟುತ್ತದೆ. ಎಡಗೈ ಒಂದು ಉಕ್ಕಿನ ತುಂಡನ್ನು ತಂತಿಯ ಮೇಲೆ ಜಾರಿಸುತ್ತದೆ. ಬೇರೆ ವಾದ್ಯಗಳು ಸ್ವರದಿಂದ ಸ್ವರಕ್ಕೆ ಮೆಟ್ಟಿಲು ಹತ್ತಿದರೆ ಇದು ಜಾರುಬಂಡೆಯಲ್ಲಿ ಹೋಗುತ್ತದೆ. ಊಟದ ಪಂಕ್ತಿಯಲ್ಲಿ ಕುಳಿತವರೂ ಒಂದು ಗಳಿಗೆ ಕೈಯಲ್ಲಿ ತುತ್ತು ಹಿಡಿದು ಸುಮ್ಮನಾಗುವಂಥ ದನಿ.

ಹವಾಯಿಗೆ ಗಿಟಾರ್ ಹೋದದ್ದು ದನ ಕಾಯುವವರಿಂದ ಎಂದು ಎಲ್ಲೋ ಓದಿದ್ದೇನೆ. ಅಲ್ಲಿನ ರಾಜ ದನಗಳನ್ನು ಪಳಗಿಸಲು ಮೆಕ್ಸಿಕೋ ಕಡೆಯಿಂದ ದನಗಾಹಿಗಳನ್ನು ಕರೆಸಿದನಂತೆ. ಅವರು ಸಂಜೆ ಹೊತ್ತು ಬೆಂಕಿಯ ಸುತ್ತ ಕುಳಿತು ಗಿಟಾರ್ ನುಡಿಸುತ್ತಿದ್ದರಂತೆ. ದ್ವೀಪದವರು ಅದರ ತಂತಿಗಳನ್ನು ಸಡಿಲಿಸಿ ತಮ್ಮ ಹಾಡಿಗೆ ಒಗ್ಗಿಸಿಕೊಂಡರು. ಮುಂದೆ ರೈಲು ಹಳಿಯ ಮೇಲೆ ನಡೆಯುತ್ತಿದ್ದ ಯಾರೋ ಒಬ್ಬ, ಬಿದ್ದಿದ್ದ ಬೋಲ್ಟೊಂದನ್ನು ಎತ್ತಿ ತನ್ನ ಗಿಟಾರಿನ ತಂತಿಗೆ ಉಜ್ಜಿದಾಗಲೇ ಈ ಜಾರುವ ಸ್ವರ ಹುಟ್ಟಿತು ಎಂಬ ಕಥೆಯೂ ಇದೆ. ನಿಜವೋ ಸುಳ್ಳೋ, ನಮ್ಮತ್ತೆಗೆ ಹೇಳಿದಾಗ ಅವರು ನಂಬಿದ್ದು ಮೊದಲನೆಯದನ್ನು ಮಾತ್ರ. "ಕಾಯೋ ಮಂದಿಗೆ ಹಾಡು ಬರ್ದೆ ಇನ್ಯಾರಿಗೆ ಬರ್ತೈತೆ? ದಿನವೆಲ್ಲ ಮಾತಾಡಾಕೆ ಯಾರವ್ರೆ ಅಲ್ಲಿ?" ಎಂದಿದ್ದರು. ಅವರದು ಮಾಡದಕೆರೆಯ ಕಡೆ ಕುರಿ ಸಾಕುವ ಮನೆತನ.

ಆ ಮನೆಯ ಮಗ ರಂಗಸ್ವಾಮಿ ನಮ್ಮವರು. ಹೊಸದುರ್ಗದಲ್ಲಿ ಸೋದರಮಾವನ ಹಿಟ್ಟಿನ ಗಿರಣಿ ನೋಡಿಕೊಳ್ಳುತ್ತ, ಸಂಜೆ ಆರ್ಕೆಸ್ಟ್ರಾದಲ್ಲಿ ಮ್ಯಾಂಡೊಲಿನ್ ನುಡಿಸುತ್ತಿದ್ದರು. ನಾನು ತಾಳ್ಯದ ಹುಡುಗಿ. ಹೊಳಲ್ಕೆರೆಯಲ್ಲಿ ನಮ್ಮ ಚಿಕ್ಕಪ್ಪನ ಮಗಳ ಮದುವೆಯಲ್ಲಿ ಅವರನ್ನು ಮೊದಲು ನೋಡಿದ್ದು. ನೋಡಿದ್ದು ಅವರ ಮುಖವನ್ನಲ್ಲ, ಅವರು ತಲೆಯೇ ಎತ್ತಲಿಲ್ಲವಲ್ಲ. ತಂತಿಯ ಮೇಲೆ ಇರುವೆ ಸಾಲಿನಂತೆ ಸರಸರ ಓಡುತ್ತಿದ್ದ ಎಡಗೈ ಬೆರಳುಗಳನ್ನು. ಆಮೇಲೆ ಆ ಕಡೆಯಿಂದಲೇ ಸಂಬಂಧ ಕೇಳಿಕೊಂಡು ಬಂದಾಗ, ಹುಡುಗನ ಮುಖ ಹೇಗಿದೆಯೆಂದು ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಆದರೂ ಒಪ್ಪಿದೆ.

ನಿಶ್ಚಿತಾರ್ಥವಾಯಿತು. ಇನ್ನೇನು ಮದುವೆ ಹತ್ತಿರ ಬಂತು ಎನ್ನುವಾಗ ಗಿರಣಿಯ ಬೆಲ್ಟು ಅವರ ಎಡಗೈಯನ್ನು ಎಳೆದುಕೊಂಡಿತು. ಕಿರುಬೆರಳು, ಉಂಗುರದ ಬೆರಳು ಪೂರ್ತಿ ಹೋದವು. ನಡುಬೆರಳು ಅರ್ಧ ಉಳಿಯಿತು.

ಸುದ್ದಿ ತಂದವರು ಬಶೀರಣ್ಣ. ಹೊಸದುರ್ಗದಲ್ಲಿ ಅವರದೊಂದು ಸೈಕಲ್ ಶಾಪು. ಆರ್ಕೆಸ್ಟ್ರಾದಲ್ಲಿ ಹವಾಯಿ ಗಿಟಾರ್ ನುಡಿಸುತ್ತಿದ್ದವರು ಅವರೇ. ನಮ್ಮವರಿಗೆ ಚಡ್ಡಿ ಕಾಲದ ಗೆಳೆಯ. ತಾಳ್ಯಕ್ಕೆ ಬಸ್ಸಿನಲ್ಲಿ ಬಂದು ನಮ್ಮ ಜಗಲಿಯ ಮುಂದೆ ನಿಂತರು.

"ಬಾರಪ್ಪ, ಕುಂತ್ಕ" ಎಂದರು ಅಪ್ಪ.

"ಕುಂತ್ಕಳಾಕೆ ಬಂದಿಲ್ಲ ಯಜಮಾನ್ರೆ. ರಂಗ ಹೇಳಿ ಕಳಿಸ್ಯಾನೆ. ಅವನ ಎಡಗೈ ಹೋತು ಅಂತ ತಿಳ್ಕಳ್ರಿ. ಹುಡುಗಿಗೆ ಬೇರೆ ಕಡೆ ನೋಡ್ರಿ ಅಂದ."

ಅಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಸುಮ್ಮನೆ ಮುಖ ಒರೆಸಿಕೊಂಡರು. ಒಲ್ಲೆ ಎನ್ನಲೂ ಅವರಿಗೆ ಮನಸ್ಸಿಲ್ಲ, ಕೊಡುತ್ತೇನೆ ಎನ್ನಲೂ ಧೈರ್ಯವಿಲ್ಲ. ನಾನು ಬಾಗಿಲ ಸಂದಿಯಿಂದ ಕೇಳಿದೆ:

"ಉಂಗುರ ಹಾಕಿದ್ದು ಬಲಗೈಗಲ್ವಾ? ಅದು ಗಟ್ಟಿ ಐತಾ?"

ಬಶೀರಣ್ಣ ತಬ್ಬಿಬ್ಬಾದರು. "ಐತೆ ಕಣಮ್ಮ. ಅದು ಗಟ್ಟಿ ಐತೆ."

"ಹಂಗಾರೆ ಮದುವೆನೂ ಐತೆ ಅಂತ ಹೇಳ್ರಿ ಅವ್ರಿಗೆ."

ಈ ಮಾತಿನಿಂದ ನಮ್ಮ ಬಳಗದಲ್ಲಿ ನನಗೆ ಗಟ್ಟಿಗಿತ್ತಿ ಎಂಬ ಹೆಸರು ಬಂತು. ಹಾಗೆ ಕರೆದವರಾರೂ ಬಾಗಿಲ ಹಿಂದಿದ್ದ ನನ್ನನ್ನು ನೋಡಿರಲಿಲ್ಲ. ಗಟ್ಟಿಗಿತ್ತಿ ಚೌಕಟ್ಟನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡೇ ಅಷ್ಟು ಮಾತಾಡಿದ್ದು.

ಮದುವೆಯಾಯಿತು. ಆದರೆ ನಾನು ಕಟ್ಟಿಕೊಂಡದ್ದು ಆ ಹೊಳಲ್ಕೆರೆಯ ವೇದಿಕೆಯ ಮನುಷ್ಯನನ್ನಲ್ಲ. ಇವರು ಗಿರಣಿ ಬಿಟ್ಟರು, ಮ್ಯಾಂಡೊಲಿನ್ನನ್ನು ಅಟ್ಟಕ್ಕೆ ಹಾಕಿದರು, ಮಾಡದಕೆರೆಗೆ ಬಂದು ಅಣ್ಣನ ಜೊತೆ ಕುರಿ ಹಿಂದೆ ಹೋಗತೊಡಗಿದರು. ಬಿರುಬೇಸಿಗೆಯಲ್ಲೂ ಎಡಗೈಯನ್ನು ಕಂಬಳಿಯೊಳಗೇ ಇಟ್ಟುಕೊಳ್ಳುವರು. ರೇಡಿಯೋದಲ್ಲಿ ಹಾಡು ಶುರುವಾದರೆ ತಟ್ಟೆ ಮುಂದಿದ್ದರೂ ಎದ್ದು ಹೊರಗೆ ಹೋಗುವರು. ನಾನು ರೇಡಿಯೋ ಹಾಕುವುದನ್ನೇ ಬಿಟ್ಟೆ. ಬಿಟ್ಟದ್ದು ಅವರಿಗೆ ಗೊತ್ತಾಯಿತು, ಅದರಿಂದ ಇನ್ನಷ್ಟು ಕುಗ್ಗಿದರು. ಒಂದೇ ಸೂರಿನ ಕೆಳಗಿದ್ದೂ ಗಂಡನನ್ನು ಎಲ್ಲಿ ಹುಡುಕುವುದೆಂದು ತಿಳಿಯದ ದಿನಗಳು ಅವು.

ಹೀಗಿರುವಾಗ ಬಶೀರಣ್ಣ ಸೈಕಲ್ ಮೇಲೆ ಬಂದರು. ಹಿಂದಿನ ಕ್ಯಾರಿಯರ್‌ನಲ್ಲಿ ಹಳೆಯ ಜಮಖಾನದಲ್ಲಿ ಸುತ್ತಿದ್ದ ಒಂದು ಗಂಟು.

"ಏನ್ಲೇ ಇದು?" ಎಂದರು ಇವರು.

"ಗಿಟಾರು. ಇನ್ಮೇಲೆ ನಿಂದು."

"ಕನಿಕರ ತೋರ್ಸಾಕೆ ಬಂದೀಯಾ?"

"ಲೇ, ನಿನಗೆ ಕನಿಕರ ತೋರ್ಸಾಕೆ ನನಗೇನು ಕೆಲಸಿಲ್ವಾ? ನನಗೆ ಹಾಡಾಕೆ ಆಸೆ. ಗಿಟಾರಿಗೆ ಇನ್ನೊಬ್ರು ಸಿಗೋಗಂಟ ಮೈಕ್ ಹತ್ರ ಬಿಡಲ್ಲ ಅಂತಾರೆ. ಇದಕ್ಕೆ ಎಡಗೈ ಬೆರಳೆಲ್ಲ ಬ್ಯಾಡ. ಈ ಕಬ್ಬಿಣ ಹಿಡಿದು ಜಾರ್ಸಿದ್ರೆ ಆತು. ನೀನು ಕುಂತ್ಕಂಡ್ರೆ ನಾನು ಎದ್ದೇಳ್ತೀನಿ."

ಬಶೀರಣ್ಣನ ಹಾಡುಗಾರಿಕೆ ನಮಗೆ ಗೊತ್ತಿಲ್ಲದ್ದೇನಲ್ಲ. ಶ್ರುತಿಗೂ ಅವರಿಗೂ ಹಿಂದಿನ ಜನ್ಮದ ವ್ಯಾಜ್ಯ. ಅವರು ಹೋದ ಮೇಲೆ ಇವರು ಗಂಟನ್ನೇ ನೋಡುತ್ತ, "ಸುಳ್ಳು ಹೇಳ್ತಾನೆ. ನನಗೋಸ್ಕರ ಬಿಟ್ಟುಕೊಟ್ಟವ್ನೆ" ಎಂದರು. ಆದರೆ ಗಂಟು ಬಿಚ್ಚಿದರು.

ಆಮೇಲಿನ ಕೆಲವು ತಿಂಗಳು ನಮ್ಮ ಮನೆಯಲ್ಲಿ ಎದ್ದ ದನಿಯನ್ನು ಸಂಗೀತ ಎನ್ನಲಾರೆ. ಮೊದಲ ದಿನ ಹಿತ್ತಿಲಿನಲ್ಲಿದ್ದ ಅತ್ತೆ ಕೈ ತೊಳೆಯದೆ ಓಡಿ ಬಂದು, "ಲೇ ರಂಗ, ಯಾರೋ ಹೆಣ್ಮಗಳು ಅಳ್ತಾ ಅವ್ಳೆ, ನೋಡೋಗೋ!" ಎಂದರು. ಇವರು ಮುಖ ಊದಿಸಿಕೊಂಡು ಕೆಳಗಿಟ್ಟರು. ನಾನು ನಗು ತಡೆಯಲಾರದೆ ಅಡಿಗೆಮನೆಗೆ ಹೋದೆ. ಹಿಂದಿರುಗಿ ಬಂದಾಗ ಇವರೂ ನಗುತ್ತಿದ್ದರು. ಮದುವೆಯಾದ ಮೇಲೆ ನಾನು ಕಂಡ ಅವರ ಮೊದಲ ನಗು ಅದು. ಉಕ್ಕಿನ ತುಂಡು ಅರ್ಧ ಬೆರಳಿನ ಹಿಡಿತಕ್ಕೆ ಸಿಗದೆ ಜಾರಿ ಕಾಲ ಮೇಲೆ ಬೀಳುತ್ತಿತ್ತು. ಬಶೀರಣ್ಣ ಚಮ್ಮಾರರಿಂದ ಒಂದು ಚರ್ಮದ ಪಟ್ಟಿ ಹೊಲಿಸಿ ತಂದರು. ಅದನ್ನು ಕೈಗೆ ಬಿಗಿದುಕೊಂಡರೆ ತುಂಡು ನಿಂತಿತು. ಒಂದು ಸಂಜೆ ಕುರಿಗಳು ದೊಡ್ಡಿ ಸೇರುವ ಹೊತ್ತಿನಲ್ಲಿ, ಹಳೆಯ ಸಿನಿಮಾ ಹಾಡೊಂದು ಎಲ್ಲೂ ಎಡವದೆ ತುದಿಯವರೆಗೆ ಬಂತು. ಅತ್ತೆ ಸೊಂಟದ ಎಲೆಯಡಿಕೆ ಚೀಲ ಬಿಚ್ಚಿ ಅಲ್ಲೇ ಕುಳಿತು ಎಲೆ ಹಾಕಿಕೊಂಡರು. ಅದು ಅವರ ಚಪ್ಪಾಳೆ.

ಮತ್ತೆ ವೇದಿಕೆ ಹತ್ತಿದ್ದು ರಾಮಗಿರಿಯ ಮದುವೆಯಲ್ಲಿ. ಇವರು ಎಡಗೈಯ ಮೇಲೆ ಟವೆಲ್ ಹೊದಿಸಿಕೊಂಡು ಕುಳಿತಿದ್ದರು. ಟವೆಲ್ ತೆಗೆಯದೆ ನುಡಿಸುವುದಾದರೂ ಹೇಗೆ? ತೆಗೆದರು. ಮುಂದಿನ ಸಾಲಿನಲ್ಲಿ ಗುಸುಗುಸು ಎದ್ದಿತು. ನಾನು ಹೆಂಗಸರ ನಡುವೆ ಕಣ್ಣು ಮುಚ್ಚಿ ಕುಳಿತೆ. ಪಲ್ಲವಿ ಮುಗಿಯುವಾಗ ಸ್ಟೇಷನ್ನಿನ ಕಡೆಯಿಂದ ರೈಲು ಕೂಗಿತು, ಉದ್ದಕ್ಕೆ. ಇವರು ನಿಲ್ಲಿಸಿದರು. ನಾನು ಕಣ್ಣು ಬಿಟ್ಟೆ. ಮರುಕ್ಷಣ ಉಕ್ಕಿನ ತುಂಡನ್ನು ತಂತಿಯ ಮೇಲೆ ಎಳೆದು ಅದೇ ಕೂಗನ್ನು ಹಾಗೇ ಒಪ್ಪಿಸಿದರು! ಜನ ಹೋ ಎಂದು ನಕ್ಕು ಚಪ್ಪಾಳೆ ಹೊಡೆದರು. ಇವರು ಎರಡೂ ಕೈ ಎತ್ತಿ ಮುಗಿದರು. ಹೌದು, ಎರಡೂ ಕೈ.

ಅದೇ ಸಂಜೆ ಬಶೀರಣ್ಣನೂ ಹಾಡಿದರು. ಹಿಂದಿನಿಂದ ಯಾರೋ, "ಅಣ್ಣಾ, ಮೈಕ್ ಕೆಟ್ಟೈತೆ!" ಎಂದು ಕೂಗಿದರು. "ಮೈಕ್ ಚೆನ್ನಾಗೈತಪ್ಪ, ನಾನೇ ಹಿಂಗೆ" ಎಂದು ಬಶೀರಣ್ಣ ಮೈಕಿನಲ್ಲೇ ಹೇಳಿದ್ದಕ್ಕೆ ಬಿದ್ದ ಚಪ್ಪಾಳೆ ಯಾವ ಹಾಡಿಗೂ ಬಿದ್ದಿರಲಿಲ್ಲ. ಅಂದಿನಿಂದ ಆರ್ಕೆಸ್ಟ್ರಾದವರು ಅವರನ್ನು ನಿರೂಪಕರನ್ನಾಗಿ ಮಾಡಿದರು, ಹಾಡಲು ಬಿಡಲಿಲ್ಲ. ನಮ್ಮವರು ಬಶೀರಣ್ಣನ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ವರ್ಷಾನುಗಟ್ಟಲೆ ಕುಳಿತರು. ಚಿತ್ರದುರ್ಗದಲ್ಲಿ, ಹಿರಿಯೂರಿನಲ್ಲಿ, ಎಷ್ಟೋ ಊರಿನ ಚಪ್ಪರಗಳಲ್ಲಿ. ಮುಂದೆ ಕೀಬೋರ್ಡ್ ಬಂತು. ಗುಂಡಿ ಒತ್ತಿದರೆ ಪಿಟೀಲು, ಇನ್ನೊಂದು ಒತ್ತಿದರೆ ಕೊಳಲು, ಮತ್ತೊಂದು ಒತ್ತಿದರೆ ಹವಾಯಿ ಗಿಟಾರೂ. ಆರ್ಕೆಸ್ಟ್ರಾ ಕರಗಿತು. ಬಶೀರಣ್ಣ ಮಗನ ಜೊತೆ ಹಿರಿಯೂರಿಗೆ ಹೋದರು.

ಮೊನ್ನೆಯದು ಅವರ ಮೊಮ್ಮಗಳ ಮದುವೆ. ಗಿಟಾರ್ ತರದಿದ್ದರೆ ಒಳಗೇ ಬಿಡುವುದಿಲ್ಲ ಎಂದು ಫೋನಿನಲ್ಲಿ ಹೆದರಿಸಿದ್ದರು. ಬಿರಿಯಾನಿ ಊಟ ಮುಗಿದು ನೆಂಟರೆಲ್ಲ ಕುರ್ಚಿ ಎಳೆದುಕೊಂಡು ಕುಳಿತಾಗ ಇವರು ನುಡಿಸಿದರು. ನುಡಿಸಿ, ತುಂಡನ್ನು ಕೆಳಗಿಟ್ಟು, ಇಷ್ಟು ವರ್ಷ ಗಂಟಲಲ್ಲಿಟ್ಟುಕೊಂಡಿದ್ದನ್ನು ಎಲ್ಲರೆದುರು ಹೇಳಿಯೇಬಿಟ್ಟರು.

"ಇದು ಬಶೀರ ನನಗೆ ಬಿಟ್ಟುಕೊಟ್ಟಿದ್ದು. ಹಾಡೋ ಆಸೆ ಅಂತ ಸುಳ್ಳು ಹೇಳಿ ಕೊಟ್ಟ. ನನಗೆ ಅವತ್ತೇ ಗೊತ್ತಿತ್ತು."

ಎಲ್ಲರ ಕಣ್ಣೂ ತೇವವಾಯಿತು. ಬಶೀರಣ್ಣ ಒಬ್ಬರ ಮುಖ ಮಾತ್ರ ಗಂಟಿಕ್ಕಿತು.

"ಸುಳ್ಳಾ? ಯಾರಲೇ ಸುಳ್ಳು ಹೇಳಿದ್ದು? ನನಗೆ ನಿಜವಾಗ್ಲೂ ಹಾಡೋ ಆಸೆ ಇತ್ತು ಕಣೋ! ನೀವೆಲ್ಲ ಸೇರ್ಕಂಡು ನನ್ನ ತ್ಯಾಗಿ ಮಾಡಿ ಕುಂಡ್ರಿಸಿದ್ರಿ. ಒಬ್ನಾದ್ರೂ ಹಾಡು ಅಂದನಾ?"

ಇವರು ಬಾಯಿ ತೆರೆದುಕೊಂಡು ಗೆಳೆಯನನ್ನೇ ನೋಡಿದರು. ಒಬ್ಬರ ಋಣದಲ್ಲಿ ಇಷ್ಟು ವರ್ಷ ತಲೆಬಾಗಿ ನಡೆದವರು, ಅವರ ಆಸೆಯನ್ನು ಮಾತ್ರ ಕೇಳಿಸಿಕೊಂಡಿರಲಿಲ್ಲ. ಕೃತಜ್ಞತೆಗೂ ಹೀಗೆ ಕಿವುಡಿರುತ್ತದೆ ಎಂದು ನನಗೂ ಅಂದೇ ತಿಳಿದದ್ದು.

"ಹಂಗಾರೆ ಈಗ ಹಾಡು ಕಣ್ಲೇ" ಎಂದರು ಇವರು, ತುಂಡನ್ನು ಮತ್ತೆ ಕೈಗೆ ಬಿಗಿದುಕೊಳ್ಳುತ್ತ.

ಬಶೀರಣ್ಣ ಟೋಪಿ ಸರಿಮಾಡಿಕೊಂಡು ಹಾಡಿದರು. ಎರಡನೇ ಸಾಲಿಗೇ ಶ್ರುತಿ ಬಿಟ್ಟು ತಮ್ಮ ಪಾಡಿಗೆ ಹೊರಟರು. ಕೀಬೋರ್ಡ್ ಆಗಿದ್ದರೆ ತನ್ನ ಜಾಗದಲ್ಲೇ ಕುಳಿತು, ಬೇಕಾದರೆ ನೀನೇ ಬಾ ಎನ್ನುತ್ತಿತ್ತು. ನಮ್ಮವರು ತಲೆ ಓರೆ ಮಾಡಿ ಆಲಿಸಿದರು. ಉಕ್ಕಿನ ತುಂಡನ್ನು ಕೂದಲೆಳೆಯಷ್ಟು ಹಿಂದೆ ಸರಿಸಿದರು, ಇನ್ನಷ್ಟು ಸರಿಸಿದರು. ಗೆಳೆಯ ಎಲ್ಲಿ ದಾರಿ ತಪ್ಪಿ ನಿಂತಿದ್ದರೋ ಅಲ್ಲಿಗೇ ಹೋಗಿ ಪಕ್ಕದಲ್ಲಿ ನಿಂತರು. ಇಬ್ಬರೂ ಕೂಡಿ ತಪ್ಪಿದರೆ ಅದನ್ನು ತಪ್ಪೆನ್ನುವವರು ಯಾರು? ಹಾಡು ಮುಗಿಯುವವರೆಗೆ ಒಬ್ಬರೂ ಮೇಲೇಳಲಿಲ್ಲ.